ಹೆಸರು ಬದಲಿಸುವ ಜೂಜು, ಬೆನ್ನು ಹತ್ತುವ ಕಾನೂನು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 ಹಳ್ಳಿಯ ಸಂಘವೊಂದು ಇಪ್ಪತ್ತೈದು ವರ್ಷ ಬಾಳುವುದು ಸಣ್ಣ ಮಾತಲ್ಲ. ಬರ ಬಂತು, ಬೆಲೆ ಬಿತ್ತು, ಸಾಲ ಮನ್ನಾದ ಮಾತು ಬಂತು, ಹೋಯಿತು. ಸಂಘದ ಬಾಗಿಲು ಮಾತ್ರ ಮುಚ್ಚಲಿಲ್ಲ. ಅದಕ್ಕೆ ಕಾರಣರಾದ ಹಿರಿಯರನ್ನು ಮೊದಲು ನೆನೆಯೋಣ.

ನಮಗೆ ಕೊಟ್ಟಿರುವ ವಿಷಯ "ಆನ್‌ಲೈನ್ ಜೂಜು ಮತ್ತು ಕಾನೂನು". ಹಬ್ಬದ ಮನೆಯಲ್ಲಿ ಜೂಜಿನ ಮಾತು ಯಾಕಪ್ಪಾ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಸಂಘದ ಸಾಲ ಈಗ ಸದಸ್ಯರ ಖಾತೆಗೆ ಜಮಾ ಆಗುತ್ತದೆ. ಖಾತೆ ಮೊಬೈಲಿನಲ್ಲಿದೆ. ಅದೇ ಮೊಬೈಲಿನಲ್ಲಿ ಜೂಜೂ ಇದೆ. ಸಂಘ ಹುಟ್ಟಿದ ಕಾಲದಲ್ಲಿ ಗೊಬ್ಬರದ ದುಡ್ಡಿಗೂ ಇಸ್ಪೀಟಿನ ಅಡ್ಡೆಗೂ ನಡುವೆ ಒಂದು ದಾರಿ ಇತ್ತು. ಆ ದಾರಿಯಲ್ಲಿ ಅಪ್ಪ ಎದುರಾಗುತ್ತಿದ್ದ, ಅಣ್ಣ ಎದುರಾಗುತ್ತಿದ್ದ, "ಎಲ್ಲಿಗೋ ಹೊರಟೆ?" ಅಂತ ಕೇಳುವವರು ನಾಲ್ಕು ಜನ ಇದ್ದರು. ಈಗ ಆ ದುಡ್ಡಿಗೂ ಜೂಜಿಗೂ ನಡುವೆ ಒಂದು ಹೆಬ್ಬೆರಳಿನ ಅಂತರವೂ ಇಲ್ಲ. ಕೇಳುವವರೂ ಇಲ್ಲ. ಆದ್ದರಿಂದ ಇದು ಪೊಲೀಸಿನವರಿಗೆ ಬಿಟ್ಟ ವಿಷಯ ಎಂದು ಸಂಘ ಸುಮ್ಮನೆ ಕೂರುವ ಹಾಗಿಲ್ಲ.

ಮೂರು ಕಲ್ಲಿನ ಒಲೆ

ಜೂಜು ಎಂದರೆ ಏನು? ಎಲ್ಲರಿಗೂ ಗೊತ್ತಿರುವುದೇ, ಆದರೆ ಕಾನೂನು ಅದನ್ನು ಬಿಡಿಸಿ ನೋಡುತ್ತದೆ. ಮೂರು ಅಂಶ ಕೂಡಿದರೆ ಜೂಜು. ಒಂದು, ಕೈಯಿಂದ ಹಾಕುವ ಪಣ. ಎರಡು, ಅದೃಷ್ಟ. ಮೂರು, ಗೆದ್ದರೆ ಬರುವ ಹಣ ಅಥವಾ ಬಹುಮಾನ. ಹೊಲದ ಬದುವಿನ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡುತ್ತೇವಲ್ಲ, ಹಾಗೆ. ಮೂರೂ ಕಲ್ಲು ಇದ್ದರೆ ಪಾತ್ರೆ ನಿಲ್ಲುತ್ತದೆ. ಒಂದು ಕಲ್ಲು ತೆಗೆದರೆ ಒಲೆಯೇ ಇಲ್ಲ.

ಈ ದಂಧೆಯ ಬುದ್ಧಿವಂತರು ಮಾಡಿದ್ದೇನು ಅಂದರೆ, ಮೂರೂ ಕಲ್ಲನ್ನು ಹಾಗೇ ಇಟ್ಟುಕೊಂಡು ಅಡಿಗೆ ಮಾಡುತ್ತಾ, "ಸ್ವಾಮೀ, ಇಲ್ಲಿ ಒಂದು ಕಲ್ಲು ಇಲ್ಲವೇ ಇಲ್ಲ, ಎರಡೇ ಇರೋದು" ಅಂತ ವಾದ ಹೂಡಿದರು. ಅಮೆರಿಕದಲ್ಲಿ "ಪಣ ಇಲ್ಲ" ಎಂದರು. ನಮ್ಮಲ್ಲಿ "ಅದೃಷ್ಟ ಇಲ್ಲ, ಇದು ಕೌಶಲದ ಆಟ" ಎಂದರು. ಎರಡೂ ಕಡೆ ಸರ್ಕಾರಗಳು ಆ ಕಲ್ಲನ್ನು ತೋರಿಸಿಕೊಡುವುದಕ್ಕೆ ವರ್ಷಾನುಗಟ್ಟಲೆ ಹೆಣಗಿದವು. ಈ ಎರಡು ಕಥೆಗಳನ್ನೇ ಇವತ್ತು ತಮ್ಮ ಮುಂದೆ ಇಡುತ್ತೇವೆ. ಮೊದಲು ಅಮೆರಿಕದ್ದು. ದೂರದ ಕಥೆಯಾದರೂ ಮೋಸದ ಹೊಲಿಗೆ ಅಲ್ಲಿ ಎದ್ದು ಕಾಣುತ್ತದೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಆ ದೇಶದಲ್ಲಿ ದುಡಿಯುತ್ತಿದ್ದಾರೆ, ಅವರಿಗೂ ಇದು ತಿಳಿದಿರಲಿ.

ಅಮೆರಿಕದ ಪುಕ್ಕಟೆ ನಾಣ್ಯ

ದೀಪಾವಳಿಗೆ ಬಟ್ಟೆ ಅಂಗಡಿಯವರು ಕೂಪನ್ ಕೊಟ್ಟು ಅದೃಷ್ಟದ ಚೀಟಿ ಎತ್ತುವುದನ್ನು ತಾವು ನೋಡಿದ್ದೀರಿ. ಅಮೆರಿಕದಲ್ಲಿ ಇಂಥದ್ದಕ್ಕೆ ಸ್ವೀಪ್‌ಸ್ಟೇಕ್ಸ್ ಎನ್ನುತ್ತಾರೆ. ಕಂಪನಿಗಳು ಮಾಲಿನ ಪ್ರಚಾರಕ್ಕೆ ಇದನ್ನು ನಡೆಸುತ್ತವೆ. ಒಂದೇ ಷರತ್ತು: ಚೀಟಿ ಬೇಕಾದವನು ಮಾಲು ಕೊಳ್ಳಲೇಬೇಕು ಎಂದು ಹೇಳುವ ಹಾಗಿಲ್ಲ. ಕೇಳಿದವನಿಗೆ ಪುಕ್ಕಟೆ ಕೊಡಬೇಕು. ಕೊಳ್ಳುವುದು ಕಡ್ಡಾಯವಲ್ಲ ಎಂದಮೇಲೆ ಪಣ ಇಲ್ಲ, ಪಣ ಇಲ್ಲದ ಮೇಲೆ ಜೂಜಲ್ಲ. ಕಾನೂನಿನಲ್ಲಿ ಈ ಬಾಗಿಲು ತೆರೆದಿದ್ದದ್ದು ಇಂಥ ಪ್ರಚಾರಕ್ಕೆ.

ಆ ಬಾಗಿಲಿನಲ್ಲಿ ಮೊದಲು ನುಗ್ಗಿದವರು ಬೀದಿಬದಿಯ ಇಂಟರ್‌ನೆಟ್ ಅಂಗಡಿಗಳು. ಗಿರಾಕಿ ಇಂಟರ್‌ನೆಟ್ ಸಮಯವನ್ನೋ ಫೋನ್ ಕಾರ್ಡನ್ನೋ ಕೊಳ್ಳುತ್ತಾನೆ. ಅದರ ಜೊತೆ "ಪುಕ್ಕಟೆ" ಅಂಕಗಳು ಬರುತ್ತವೆ. ಆ ಅಂಕಗಳಿಂದ ಅಲ್ಲೇ ಇರುವ ಕಂಪ್ಯೂಟರಿನಲ್ಲಿ ಚಕ್ರ ತಿರುಗಿಸುತ್ತಾನೆ, ಗೆದ್ದರೆ ನಗದು. ಫ್ಲಾರಿಡಾ ರಾಜ್ಯದಲ್ಲಿ ಇಂಥ ಅಂಗಡಿಗಳು ಮಾಜಿ ಸೈನಿಕರ ಸಹಾಯಾರ್ಥ ಎಂಬ ಹೆಸರಿನಲ್ಲೂ ನಡೆದವು. ಹಗರಣ ಹೊರಬಿದ್ದ ಮೇಲೆ 2013ರಲ್ಲಿ ಅಲ್ಲಿ ಕಾನೂನು ಮಾಡಿ ಮುಚ್ಚಿಸಿದರು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 2015ರಲ್ಲಿ ಇಂಥ ಅಂಗಡಿಗಳ ಕಂಪ್ಯೂಟರು ಜೂಜಿನ ಯಂತ್ರವೇ ಎಂದು ತೀರ್ಪು ಕೊಟ್ಟಿತು.

ಅಂಗಡಿ ಮುಚ್ಚಿತು, ಆಟ ಮುಚ್ಚಲಿಲ್ಲ. ಅದು ಮೊಬೈಲಿಗೆ ಹೋಯಿತು. ಹೊಸ ಆಟದಲ್ಲಿ ಎರಡು ಬಗೆಯ ನಾಣ್ಯ. ಒಂದಕ್ಕೆ ಚಿನ್ನದ ನಾಣ್ಯ ಅಂತ ಹೆಸರು. ಹೆಸರು ಚಿನ್ನ, ಬೆಲೆ ಸೊನ್ನೆ. ಅದನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಆದರೆ ತಿರುಗಿ ದುಡ್ಡಾಗುವುದಿಲ್ಲ, ಬರೀ ಆಟಕ್ಕೆ. ಇನ್ನೊಂದು ಸ್ವೀಪ್ಸ್ ನಾಣ್ಯ. ಅದನ್ನು ಮಾರುವುದೇ ಇಲ್ಲ ಎನ್ನುತ್ತಾರೆ. ಚಿನ್ನದ ನಾಣ್ಯ ಕೊಂಡವನಿಗೆ ಜೊತೆಗೆ ಅದನ್ನು "ಉಚಿತ"ವಾಗಿ ಕೊಡುತ್ತಾರೆ. ಆ ಉಚಿತ ನಾಣ್ಯದಿಂದ ಆಡಿ ಗೆದ್ದರೆ ಅದು ಡಾಲರ್ ಆಗಿ ಖಾತೆಗೆ ಬರುತ್ತದೆ. ಕೊಳ್ಳದೆಯೂ ಬೇಕೆನ್ನುವವನು ಕೈಯಲ್ಲಿ ಬರೆದ ಕಾಗದವನ್ನು ಅಂಚೆಯಲ್ಲಿ ಕಳಿಸಿದರೆ ಸ್ವಲ್ಪ ನಾಣ್ಯ ಕೊಡುತ್ತೇವೆ ಎಂಬ ನಿಯಮವನ್ನೂ ಇಟ್ಟರು. ಅದೇ ಅವರ ರಕ್ಷಾಕವಚ: "ನೋಡಿ, ಪುಕ್ಕಟೆಯಾಗಿಯೂ ಸಿಗುತ್ತದೆ, ಹಾಗಾಗಿ ಪಣ ಇಲ್ಲ."

ಇದನ್ನು ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ಲೈಸೆನ್ಸ್ ಇಲ್ಲದ ಒಬ್ಬ ಹೆಂಡದವನು ಮುಷ್ಟಿ ಕಡಲೆಕಾಯಿಗೆ ನೂರು ರೂಪಾಯಿ ಅಂತ ಬೋರ್ಡು ಹಾಕುತ್ತಾನೆ. ಕಡಲೆಕಾಯಿ ಕೊಂಡವರಿಗೆ ಒಂದು ಲೋಟ ಹೆಂಡ ಪುಕ್ಕಟೆ. ಅಬಕಾರಿಯವರು ಬಂದರೆ, "ನಾನು ಕಡಲೆಕಾಯಿ ವ್ಯಾಪಾರಿ ಸ್ವಾಮೀ" ಅನ್ನುತ್ತಾನೆ. ಕಡಲೆಕಾಯಿಗೆ ಆ ಪಾಟಿ ಜನ ಯಾಕೆ ಮುತ್ತಿದ್ದಾರೆ ಎಂದು ಕೇಳಿದರೆ ಉತ್ತರ ಇಲ್ಲ.

ಅಮೆರಿಕದಲ್ಲಿ ಜೂಜಿನ ಕಾನೂನು ಮುಖ್ಯವಾಗಿ ಆಯಾ ರಾಜ್ಯದ ಕೈಯಲ್ಲಿದೆ. ಲೈಸೆನ್ಸ್ ಪಡೆದ ಆನ್‌ಲೈನ್ ಕ್ಯಾಸಿನೊಗೆ ಅವಕಾಶ ಕೊಟ್ಟ ರಾಜ್ಯಗಳು ಕೆಲವೇ. ಆದರೆ ಈ ನಾಣ್ಯದ ಆಟ ಲೈಸೆನ್ಸೇ ಇಲ್ಲದೆ ಬಹುಪಾಲು ರಾಜ್ಯಗಳಲ್ಲಿ ಹರಡಿತು. ಕೊನೆಗೆ 2025ರಲ್ಲಿ ರಾಜ್ಯಗಳು ಒಂದರ ಹಿಂದೆ ಒಂದು ಎಚ್ಚೆತ್ತವು. ಮೇ ತಿಂಗಳಲ್ಲಿ ಮೊಂಟಾನಾ ಕಾನೂನು ಮಾಡಿತು. ಜೂನಿನಲ್ಲಿ ಕನೆಕ್ಟಿಕಟ್, ಆಗಸ್ಟಿನಲ್ಲಿ ನ್ಯೂಜೆರ್ಸಿ, ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ, ಡಿಸೆಂಬರಿನಲ್ಲಿ ನ್ಯೂಯಾರ್ಕ್. ಕ್ಯಾಲಿಫೋರ್ನಿಯಾದ ಕಾನೂನು 2026ರ ಜನವರಿ 1ರಿಂದ ಜಾರಿಗೆ ಬಂತು. ದಂಡ 25 ಸಾವಿರ ಡಾಲರ್‌ವರೆಗೆ, ಜೈಲು ಒಂದು ವರ್ಷದವರೆಗೆ.

ಈ ಕಾನೂನಿನಲ್ಲಿ ನಾವು ಗಮನಿಸಬೇಕಾದ ಅಂಶ ಎರಡು. ಮೊದಲನೆಯದು, ಅದು ಹೆಸರನ್ನು ನೋಡುವುದನ್ನು ಬಿಟ್ಟಿತು. ಎರಡು ನಾಣ್ಯದ ಪದ್ಧತಿ ಇಟ್ಟುಕೊಂಡು, ಕ್ಯಾಸಿನೊ ಆಟದಂತೆ ಆಡಿಸಿ, ಗೆದ್ದವನಿಗೆ ಹಣ ಅಥವಾ ಹಣಕ್ಕೆ ಸಮನಾದದ್ದು ಸಿಗುವಂತಿದ್ದರೆ, ಅದಕ್ಕೆ ನೀವು ಏನು ಹೆಸರಿಟ್ಟರೂ ನಿಷಿದ್ಧ. ಎರಡನೆಯದು, ಆಡಿಸುವ ಕಂಪನಿಯೊಬ್ಬನನ್ನೇ ಹಿಡಿಯಲಿಲ್ಲ. ಗೊತ್ತಿದ್ದೂ ಹಣ ಸಾಗಿಸಿಕೊಟ್ಟವನು, ಆಟದ ಸಾಫ್ಟ್‌ವೇರ್ ಪೂರೈಸಿದವನು, ಪ್ರಚಾರ ಮಾಡಿ ಗಿರಾಕಿ ತಂದುಕೊಟ್ಟವನು, ಇವರೂ ಹೊಣೆಗಾರರು ಎಂದಿತು. ಗುಂಡಿಗೆ ಬಿದ್ದವನಿಗೆ ಹೊಡೆಯದೆ ಗುಂಡಿ ತೋಡಿದವನನ್ನೂ ಗುದ್ದಲಿ ಕೊಟ್ಟವನನ್ನೂ ಹಿಡಿದ ಹಾಗೆ.

ಇಷ್ಟು ಕೇಳಿ ಅಮೆರಿಕದವರು ಬಹಳ ಧರ್ಮಿಷ್ಠರು ಎಂದು ತಿಳಿಯಬೇಡಿ. ನ್ಯೂಜೆರ್ಸಿ ತಾನೇ ಲೈಸೆನ್ಸ್ ಕೊಟ್ಟು ಆನ್‌ಲೈನ್ ಕ್ಯಾಸಿನೊ ನಡೆಸುವ ರಾಜ್ಯ. ಅದಕ್ಕೆ ಕೋಪ ಬಂದದ್ದು ತೆರಿಗೆ ಕೊಡದೆ, ಲೈಸೆನ್ಸ್ ಇಲ್ಲದೆ ಆಡಿಸುವವರ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಸಿನೊ ನಡೆಸುವ ಹಕ್ಕು ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳದು. ದೊಡ್ಡ ಬುಡಕಟ್ಟುಗಳು ಈ ಕಾನೂನನ್ನು ಬೆಂಬಲಿಸಿದವು. ಪಟ್ಟಣದಿಂದ ದೂರವಿರುವ ಕೆಲವು ಸಣ್ಣ ಬುಡಕಟ್ಟುಗಳು ತಮಗೆ ಬರಬಹುದಾದ ಆದಾಯ ಹೋಗುತ್ತದೆಂದು ವಿರೋಧಿಸಿದವು. ಲೂಸಿಯಾನಾದಲ್ಲಿ ಇಂಥದೇ ಮಸೂದೆಯನ್ನು ಶಾಸನಸಭೆ ಒಪ್ಪಿದರೂ 2025ರ ಜೂನಿನಲ್ಲಿ ಗವರ್ನರ್ ಅಂಕಿತ ಹಾಕಲಿಲ್ಲ. ಈಗಿರುವ ಕಾನೂನೇ ಸಾಕು ಎಂದರು. ಆಮೇಲೆ ಅಲ್ಲಿನ ನಿಯಂತ್ರಣ ಮಂಡಳಿ ಇರುವ ಕಾನೂನಿನಡಿಯಲ್ಲೇ ಕಂಪನಿಗಳಿಗೆ ನೋಟೀಸು ಕೊಟ್ಟಿತು. ಅಂತೂ ಅಲ್ಲಿ ನಿಂತದ್ದು ಜೂಜಲ್ಲ, ಲೈಸೆನ್ಸಿಲ್ಲದ ಜೂಜು. ಅವರ ಉದ್ದೇಶವನ್ನಲ್ಲ, ಹಣದ ದಾರಿ ಹಿಡಿದ ಅವರ ಉಪಾಯವನ್ನು ನಾವು ಕಲಿಯಬೇಕು.

ನಮ್ಮ ಮನೆಯ ಕಥೆ

ಅಮೆರಿಕದವರದು ಅಂಚೆ ಕಾಗದದ ಆಟ ಅಂದೆವು. ಅಂಚೆಯ ಆಟ ನಮಗೆ ಹೊಸದಲ್ಲ. ಎಪ್ಪತ್ತು ವರ್ಷಗಳ ಹಿಂದೆ ನಮ್ಮ ಬೆಂಗಳೂರಿನಿಂದಲೇ "ಸ್ಪೋರ್ಟಿಂಗ್ ಸ್ಟಾರ್" ಎಂಬ ಇಂಗ್ಲಿಷ್ ವಾರಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಪದಬಂಧದ ಸ್ಪರ್ಧೆ. ಶುಲ್ಕ ಕಟ್ಟಿ ಉತ್ತರ ಕಳಿಸಬೇಕು, ಸರಿಹೋದರೆ ಭಾರಿ ಬಹುಮಾನ. ಪತ್ರಿಕೆ ಅಚ್ಚಾಗುವುದು ಮೈಸೂರು ರಾಜ್ಯದಲ್ಲಿ, ದುಡ್ಡು ಬರುವುದು ಮುಂಬಯಿ ರಾಜ್ಯದಿಂದಲೂ. ಮುಂಬಯಿ ಸರ್ಕಾರ ತನ್ನ 1948ರ ಕಾನೂನನ್ನು 1952ರಲ್ಲಿ ತಿದ್ದಿ, ಹೊರರಾಜ್ಯದಲ್ಲಿ ಅಚ್ಚಾದ ಪತ್ರಿಕೆಯ ಸ್ಪರ್ಧೆಗೂ ತೆರಿಗೆ ಎಂದಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದೇ ಜಾಗಕ್ಕೆ ಎರಡು ಮೂರು ಪದ ಹೊಂದುವಾಗ, ಸಂಸ್ಥೆಯವರು ಆರಿಸಿಟ್ಟ ಪದವನ್ನೇ ಊಹಿಸುವುದರಲ್ಲಿ ಬುದ್ಧಿ ಏನು ಬಂತು? 1957ರಲ್ಲಿ ಸುಪ್ರೀಂ ಕೋರ್ಟು ಇದು ಜೂಜಿನ ಗುಣದ್ದೇ ಎಂದಿತು, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ ಎಂದೂ ಹೇಳಿತು. ಒಂದು ರಾಜ್ಯದಲ್ಲಿ ಕೂತು ಇನ್ನೊಂದು ರಾಜ್ಯದ ಜನರಿಂದ ದುಡ್ಡು ಎತ್ತುವುದು, ಜಾಣ್ಮೆಯ ಸ್ಪರ್ಧೆ ಎಂದು ಹೆಸರಿಡುವುದು, ಎಲ್ಲ ಆಗಲೇ ಇತ್ತು. ಮೊಬೈಲು ಮಾತ್ರ ಇರಲಿಲ್ಲ.

ಅದೇ ತೀರ್ಪುಗಳಿಂದ ಇನ್ನೊಂದು ಮಾತು ಹುಟ್ಟಿತು. ಗೆಲುವು ಬಹುಮಟ್ಟಿಗೆ ಕೌಶಲವನ್ನು ಅವಲಂಬಿಸಿದ್ದರೆ ಅದು ಜೂಜಲ್ಲ ಎಂಬುದು. 1967ರಲ್ಲಿ ಆಂಧ್ರಪ್ರದೇಶದ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು. ಎಲೆ ಬಿದ್ದದ್ದನ್ನು ನೆನಪಿಡಬೇಕು, ಯಾವುದು ಹಿಡಿಯಬೇಕು ಯಾವುದು ಬಿಡಬೇಕು ಅನ್ನೋ ಜಾಣ್ಮೆ ಬೇಕು. ಸರಿ. ಆದರೆ ಅದೇ ತೀರ್ಪು, ಪಣಕ್ಕೆ ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಆಗಬಹುದು ಎಂದೂ ಹೇಳಿತ್ತು. ಮುಂದೆ ಬಂದ ಕಂಪನಿಗಳು ಮೊದಲಿನ ಅರ್ಧ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡವು. ಉಳಿದರ್ಧವನ್ನು ಓದಲೇ ಇಲ್ಲ.

ಕರ್ನಾಟಕದಲ್ಲಿ ಸರ್ಕಾರವೂ ಸ್ವಲ್ಪ ಕಾಲ ಈ ಒಲೆಯಲ್ಲಿ ಚಳಿ ಕಾಯಿಸಿದೆ. ಸಂಘ ಹುಟ್ಟಿದ ಹೊಸದರಲ್ಲಿ ಪೇಟೆಯ ಬಸ್ ನಿಲ್ದಾಣದ ಸುತ್ತ ಲಾಟರಿ ಅಂಗಡಿಗಳಿದ್ದದ್ದು ನಮ್ಮ ಹಿರಿಯರಿಗೆ ನೆನಪಿದೆ. ಸಂಜೆ ಫಲಿತಾಂಶದ ಹೊತ್ತಿಗೆ ಕೂಲಿಯವರು ಗುಂಪು ಕಟ್ಟಿ ನಿಲ್ಲುತ್ತಿದ್ದರು. 2007ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಕಾಗದದ ಲಾಟರಿ, ಆನ್‌ಲೈನ್ ಲಾಟರಿ ಎರಡೂ ನಿಂತವು. ಆದಾಯ ಹೋದರೆ ಹೋಗಲಿ ಎಂದು ಸರ್ಕಾರ ತೀರ್ಮಾನಿಸಿದ್ದು ದೊಡ್ಡ ಮಾತು. ಓಸಿ, ಮಟ್ಕಾ, ಅಂದರ್ ಬಾಹರ್ ಮೇಲೆ 1963ರ ಪೊಲೀಸ್ ಕಾಯ್ದೆ ಮೊದಲಿನಿಂದಲೂ ಇದೆ.

ಮೊಬೈಲಿನ ಆಟಗಳು ಹೆಚ್ಚಿದಾಗ ಅದೇ ಪೊಲೀಸ್ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು. ಆ ವರ್ಷ ಅಕ್ಟೋಬರಿನಲ್ಲಿ ಜಾರಿಗೆ ಬಂದದ್ದನ್ನು 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ರದ್ದು ಮಾಡಿತು. ಕೌಶಲದ ಆಟಕ್ಕೂ ಅದೃಷ್ಟದ ಆಟಕ್ಕೂ ವ್ಯತ್ಯಾಸ ನೋಡದೆ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ, ಇದು ಸಂವಿಧಾನಕ್ಕೆ ಹೊಂದುವುದಿಲ್ಲ, ಬೇಕಾದರೆ ಸರಿಯಾದ ಕಾನೂನು ಮಾಡಿ ಎಂದಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ತಮಿಳುನಾಡಿನಲ್ಲೂ ಹೀಗೇ. 2021ರಲ್ಲಿ ಮದರಾಸು ಹೈಕೋರ್ಟು ಅವರ ಕಾನೂನನ್ನು ರದ್ದು ಮಾಡಿತು, ಅವರು ಮತ್ತೆ ಬೇರೆ ಕಾನೂನು ಮಾಡಿದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಗಾದೆ ಇದೆಯಲ್ಲ, ಅದು ಈ ಕಂಪನಿಗಳಿಗೂ ಕಾನೂನಿಗೂ ನಡೆದ ಆಟ.

ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಮಾಡಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಆಗ ಸರ್ಕಾರ ಕೊಟ್ಟ ಅಂದಾಜಿನ ಪ್ರಕಾರ ಇಂಥ ಆಟಗಳಿಂದ ಸುಮಾರು 45 ಕೋಟಿ ಜನ ತೊಂದರೆಗೀಡಾಗಿದ್ದಾರೆ, ಕಳೆದುಕೊಂಡ ಹಣ 20 ಸಾವಿರ ಕೋಟಿ ರೂಪಾಯಿಗೂ ಹೆಚ್ಚು.

ಈ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಗಳವನ್ನೇ ಬದಿಗಿಟ್ಟಿತು. ಹಣ ಕಟ್ಟಿ, ಹಣ ಬರುತ್ತದೆಂಬ ಆಸೆಯಿಂದ ಆಡುವ ಆಟ ಯಾವುದೇ ಇರಲಿ, ಅದು ಹಣದ ಆಟ. ದುಡ್ಡು ಕೊಟ್ಟು ಕೊಂಡ ನಾಣ್ಯ, ಟೋಕನ್, ಪಾಯಿಂಟು ಯಾವುದೇ ಆದರೂ ಪಣವೇ. ಅಮೆರಿಕದವರ ಚಿನ್ನದ ನಾಣ್ಯದ ನೆಪ ಇಲ್ಲಿ ನಡೆಯದು. ಆಡಿಸಿದವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವನಿಗೆ ಎರಡು ವರ್ಷ, ಐವತ್ತು ಲಕ್ಷದವರೆಗೆ. ಹಣ ಸಾಗಿಸಿದವರಿಗೂ ಶಿಕ್ಷೆ. ಆಡಿದವನಿಗೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆ ಹೇಳಿಲ್ಲ. ಅವನು ಬಲಿಪಶು ಎಂದೇ ಭಾವಿಸಿದ್ದಾರೆ. ಕಂಪನಿಗಳು ಇದನ್ನೂ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನ್ನ ಬಳಿಗೆ ತರಿಸಿಕೊಂಡಿತು.

ನೂರು ರೂಪಾಯಿಯ ಲೆಕ್ಕ

ಕಾನೂನಿನ ಮಾತು ಇಷ್ಟು ಸಾಕು. ನಾವು ಸಹಕಾರಿಗಳು, ಲೆಕ್ಕ ಮಾಡೋಣ. ಒಂದು ಆಟ ಸರಾಸರಿ ನೂರಕ್ಕೆ ತೊಂಬತ್ತೈದು ರೂಪಾಯಿ ವಾಪಸು ಕೊಡುತ್ತದೆ ಅಂದುಕೊಳ್ಳಿ. ಕೇಳುವುದಕ್ಕೆ ಎಷ್ಟು ಚೆನ್ನ, ಐದೇ ರೂಪಾಯಿ ನಷ್ಟ! ಆದರೆ ವಾಪಸು ಬಂದದ್ದನ್ನು ಯಾರೂ ಎತ್ತಿಡುವುದಿಲ್ಲ, ಮತ್ತೆ ಹಾಕುತ್ತಾರೆ. ಹತ್ತು ಸುತ್ತಿಗೆ ಆ ನೂರು ಸರಾಸರಿ ಅರವತ್ತಾಗುತ್ತದೆ. ಇಪ್ಪತ್ತು ಸುತ್ತಿಗೆ ಮೂವತ್ತಾರು. ಐವತ್ತು ಸುತ್ತಿಗೆ ಎಂಟು ರೂಪಾಯಿಯೂ ಉಳಿಯುವುದಿಲ್ಲ. ಊರ ಜಾತ್ರೆಯಲ್ಲಿ ಐವತ್ತು ಸುತ್ತು ಆಡಬೇಕಾದರೆ ರಾತ್ರಿ ಬೆಳಗಾಗುತ್ತಿತ್ತು. ಮೊಬೈಲಿನಲ್ಲಿ ಒಂದು ಟೀ ಆರುವುದರೊಳಗೆ ಮುಗಿಯುತ್ತದೆ. ನಡುವೆ ಒಬ್ಬಿಬ್ಬರು ಗೆಲ್ಲುತ್ತಾರೆ, ನಿಜ. ಅವರ ಗೆಲುವು ಊರೆಲ್ಲ ಸುದ್ದಿಯಾಗುತ್ತದೆ. ಸೋತವನು ಬಾಯಿ ಬಿಡುವುದಿಲ್ಲ. ಅದಕ್ಕೇ ಊರಿನಲ್ಲಿ ಬರೀ ಗೆದ್ದವರೇ ಇದ್ದ ಹಾಗೆ ಕಾಣುತ್ತದೆ.

"ನಮ್ಮ ದುಡ್ಡು, ನಮ್ಮಿಷ್ಟ" ಎಂದು ಯುವಕರು ಕೇಳಬಹುದು. ಕೇಳಲಿ, ನ್ಯಾಯವಾದ ಪ್ರಶ್ನೆ. ದೊಡ್ಡವರಾದವರು ತಮ್ಮ ದುಡ್ಡಿನಲ್ಲಿ ಏನು ಮಾಡಬೇಕು ಎಂದು ಸರ್ಕಾರ ಎಷ್ಟರಮಟ್ಟಿಗೆ ಹೇಳಬಹುದು ಎಂಬ ವಿಚಾರವನ್ನು ನ್ಯಾಯಾಲಯಗಳೂ ಹಗುರವಾಗಿ ತೆಗೆದುಕೊಂಡಿಲ್ಲ. ಆದರೆ ಸಂಘದ ಮಟ್ಟಿಗೆ ನಮ್ಮ ಉತ್ತರ ಇದು. ಸಹಕಾರ ಸಂಘದ ಸಾಲದಲ್ಲಿ ನನ್ನದು ಎನ್ನುವ ದುಡ್ಡು ಇಲ್ಲ. ಅದರಲ್ಲಿ ಇನ್ನೊಬ್ಬನ ಠೇವಣಿ ಇದೆ, ಪಕ್ಕದ ಮನೆಯವನ ಜಾಮೀನಿನ ಸಹಿ ಇದೆ. ಸ್ವಸಹಾಯ ಸಂಘದ ಸಾಲವಾದರೆ ಹತ್ತು ಹದಿನೈದು ತಾಯಂದಿರು ಒಬ್ಬರಿಗೊಬ್ಬರು ಕೊಟ್ಟ ಮಾತು ಇದೆ. ಒಬ್ಬನ ಬೆರಳು ಜಾರಿದರೆ ಜಾಮೀನು ನಿಂತವನ ಎಮ್ಮೆ ಮಾರಾಟವಾಗುತ್ತದೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಲೇವಾದೇವಿಯವರ ಸಾಲದ ಕುಣಿಕೆಯಿಂದ ರೈತನನ್ನು ಬಿಡಿಸಲು. ಅದೇ ರೈತನ ಮೊಮ್ಮಗ ಮೊಬೈಲಿನ ಮೂಲಕ ಹೊಸ ಕುಣಿಕೆಗೆ ಕೊರಳು ಕೊಟ್ಟರೆ ನಮ್ಮ ಹಿರಿಯರು ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಸಂಘ ಮಾಡಬಹುದಾದದ್ದು

ಕಾನೂನು ಬಂದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದು ತಿಳಿಯುವ ಹಾಗಿಲ್ಲ. ದೊಡ್ಡ ಕಂಪನಿಗಳು 2025ರ ಆಗಸ್ಟಿನಲ್ಲೇ ಹಣದ ಆಟ ನಿಲ್ಲಿಸಿದವು. ಆದರೆ ವಿದೇಶದಲ್ಲಿ ಕೂತು ಆಡಿಸುವವರು, ವಾಟ್ಸಾಪಿನಲ್ಲಿ ಲಿಂಕು ಕಳಿಸುವ ಏಜೆಂಟರು, ಕ್ರಿಕೆಟ್ ಬಾಜಿಯವರು ಕಾನೂನು ಓದಿ ಮನೆಗೆ ಹೋಗುವ ಜನ ಅಲ್ಲ. ಆದ್ದರಿಂದ ನಾಲ್ಕು ಮಾತನ್ನು ಸಂಘದ ಮುಂದೆ ಇಡುತ್ತೇವೆ.

ಮೊದಲನೆಯದು, ಹೊಸ ಆಟ ಯಾವುದೇ ಬರಲಿ, ಅದರ ಹೆಸರು ಕೇಳಬೇಡಿ. ಮೂರು ಪ್ರಶ್ನೆ ಕೇಳಿ. ನಮ್ಮ ಖಾತೆಯಿಂದ ದುಡ್ಡು ಹೋಗುತ್ತದಾ? ಗೆದ್ದರೆ ದುಡ್ಡು ಬರುತ್ತೆ ಅಂತಾರಾ? ನಡುವೆ ನಾವು ಬೆಳೆದದ್ದು, ಮಾಡಿದ್ದು, ಮಾರಿದ್ದು ಏನಾದರೂ ಇದೆಯಾ? ಮೊದಲ ಎರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದು ಬಂದರೆ ಅದು ಒಲೆಯ ಮೂರು ಕಲ್ಲೇ.

ಎರಡನೆಯದು, ಯಾರಿಗೂ ನಿಮ್ಮ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡಬೇಡಿ. "ನಿನ್ನ ಖಾತೆಗೆ ಹಣ ಬರುತ್ತೆ, ಇನ್ನೊಂದಕ್ಕೆ ಹಾಕು, ಸಾವಿರಕ್ಕೆ ಇಷ್ಟು ಕಮಿಷನ್" ಎಂದು ಹೇಳಿಕೊಂಡು ಬರುವವರು ಇದ್ದಾರೆ. ಜೂಜಿನ ಹಣ, ಮೋಸದ ಹಣ ಸಾಗುವ ದಾರಿ ಅದೇ. ನಾಳೆ ತನಿಖೆ ಬಂದಾಗ ಖಾತೆ ಸ್ತಂಭನವಾಗುವುದು ನಿಮ್ಮದು, ಠಾಣೆಗೆ ಕರೆಸುವುದು ನಿಮ್ಮನ್ನು. ಕಮಿಷನ್ ಕೊಟ್ಟವನ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಮೂರನೆಯದು, ಸೋತವನನ್ನು ಊರ ಮುಂದೆ ಮರ್ಯಾದೆ ತೆಗೆಯಬೇಡಿ. ಇದನ್ನು ಕೈಮುಗಿದು ಕೇಳುತ್ತೇವೆ. ಕಳೆದುಕೊಂಡವನು ಮೊದಲ ಐದು ಸಾವಿರಕ್ಕೇ ಮನೆಯಲ್ಲಿ ಬಾಯಿ ಬಿಟ್ಟರೆ ಐದು ಸಾವಿರದಲ್ಲೇ ಮುಗಿಯುತ್ತದೆ. ಹೆದರಿಕೊಂಡು ಮುಚ್ಚಿಟ್ಟರೆ, ಕಳೆದದ್ದನ್ನು ಆಟದಲ್ಲೇ ವಾಪಸು ತರುತ್ತೇನೆ ಅಂತ ಸಾಲದ ಆಪ್‌ಗೆ ಹೋಗುತ್ತಾನೆ, ಅಲ್ಲಿಂದ ಮುಂದಿನದನ್ನು ನಾವು ಈ ಶುಭ ಸಂದರ್ಭದಲ್ಲಿ ಹೇಳುವುದು ಬೇಡ. ದೇಶದ ಕಾಯ್ದೆಯೇ ಆಡಿದವನನ್ನು ಬಲಿಪಶು ಎಂದು ನೋಡಿರುವಾಗ ಹೆತ್ತವರು, ಒಡಹುಟ್ಟಿದವರು ಹಾಗೆ ನೋಡಬಾರದೇ? ಮನಸ್ಸು ಕುಸಿದವರಿಗೆ 14416ಕ್ಕೆ ಉಚಿತವಾಗಿ ಕರೆ ಮಾಡುವ ಟೆಲಿ-ಮಾನಸ್ ಸೇವೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆಟದ ಚಟಕ್ಕೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾ ವಿಭಾಗ ನಡೆಯುತ್ತಿದೆ. ಆನ್‌ಲೈನಿನಲ್ಲಿ ಹಣ ಮೋಸಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಪಂದ್ಯದ ಬಾಕಿ ಎಂದು ಯಾರಾದರೂ ಹೆದರಿಸಿದರೂ ಬಗ್ಗಬೇಡಿ. ಬಾಜಿಯ ಕರಾರು 1872ರ ಕರಾರು ಕಾಯ್ದೆಯಲ್ಲೇ ಶೂನ್ಯ, ಗೆದ್ದ ಹಣ ಬರಬೇಕೆಂದು ಯಾರೂ ದಾವೆ ಹಾಕಲಾಗದು.

ನಾಲ್ಕನೆಯದು ಸಂಘದ ಆಡಳಿತ ಮಂಡಳಿಗೆ. ಬೆಳೆಸಾಲದಲ್ಲಿ ಗೊಬ್ಬರ, ಬೀಜದ ಪಾಲನ್ನು ಆದಷ್ಟು ವಸ್ತು ರೂಪದಲ್ಲೇ ಕೊಡಿ. ಯೂರಿಯಾ ಚೀಲವನ್ನು ಯಾವ ಆಪ್‌ನಲ್ಲೂ ಪಣಕ್ಕೆ ಇಡಲಾಗದು. ಸಾಲ ಕೊಡುವ ದಿನ ಮನೆಯ ಹೆಂಗಸರನ್ನೂ ಕರೆಸಿ ಒಂದು ಮಾತು ಹೇಳಿ: ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನು ಮನೆಯವರೆಲ್ಲ ಕೂತು ಓದಿ. ಇನ್ನೂರು, ಐನೂರು, ಇನ್ನೂರು ಎಂದು ರಾತ್ರಿ ಹೊತ್ತು ಸಾಲಾಗಿ ಹೋದ ಹಣ ಪೊಲೀಸಿನವರ ಕಣ್ಣಿಗೆ ಬೀಳುವ ಮೊದಲು ತಾಯಿಯ ಕಣ್ಣಿಗೆ ಬೀಳುತ್ತದೆ.

ಬಂಧುಗಳೇ, ಸಂಘಕ್ಕೂ ಜೂಜಿನ ಆಪ್‌ಗೂ ಒಂದೇ ಹೋಲಿಕೆ: ಎರಡೂ ಕಡೆ ಹಲವರು ಹನಿ ಹನಿಯಾಗಿ ಹಾಕಿದ ದುಡ್ಡು ಒಂದು ಕಡೆ ಸೇರುತ್ತದೆ. ಅಲ್ಲಿಗೆ ಹೋಲಿಕೆ ಮುಗಿಯಿತು. ಸಂಘದಲ್ಲಿ ಸೇರಿದ ಹಣಕ್ಕೆ ವರ್ಷ ವರ್ಷ ಲೆಕ್ಕ ತಪಾಸಣೆ ಇದೆ, ಸರ್ವಸದಸ್ಯರ ಸಭೆ ಇದೆ, ಒಂದು ಷೇರಿನ ಬಡವನೂ ಎದ್ದು ನಿಂತು "ಈ ಖರ್ಚು ಯಾಕ್ರೀ?" ಎಂದು ಅಧ್ಯಕ್ಷರನ್ನೇ ಕೇಳಬಹುದು. ಜೂಜಿನ ಆಪ್‌ಗೆ ಸರ್ವಸದಸ್ಯರ ಸಭೆ ಇಲ್ಲ. ಅದರ ಮಾಲೀಕ ಯಾರೆಂದು ನಮಗೆ ಗೊತ್ತಿಲ್ಲ, ನಮ್ಮ ಬೆಳೆ ಒಣಗಿದರೆ ಅವನಿಗೆ ತಿಳಿಯುವುದೂ ಇಲ್ಲ.

ಅಮೆರಿಕದ ರಾಜ್ಯಗಳಾಗಲಿ, ನಮ್ಮ ಸರ್ಕಾರಗಳಾಗಲಿ, ಕಾನೂನು ಮಾಡುತ್ತಲೇ ಇರುತ್ತವೆ. ಆಟ ಇನ್ನೊಂದು ಹೆಸರು ಹಾಕಿಕೊಂಡು ಬರುತ್ತಲೇ ಇರುತ್ತದೆ. ಆ ಹೊಸ ಹೆಸರು ಕಾನೂನಿಗೆ ಗೊತ್ತಾಗುವುದಕ್ಕೆ ಮೂರೋ ನಾಲ್ಕೋ ವರ್ಷ ಬೇಕು. ಆ ವರ್ಷಗಳಲ್ಲಿ ಊರನ್ನು ಕಾಯಬೇಕಾದವರು ನಾವೇ. ಇಪ್ಪತ್ತೈದು ವರ್ಷ ಒಬ್ಬರಿಗೊಬ್ಬರು ಜಾಮೀನು ನಿಂತು ಬೆಳೆಸಿದ ಈ ಸಂಘ, ಮುಂದಿನ ಇಪ್ಪತ್ತೈದು ವರ್ಷವೂ ಅದೇ ಜಾಮೀನಿನ ಮೇಲೆ ನಿಲ್ಲಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.